ಅಟ್ಟದ ಎಣಿಕೆ

ಬಿಳಗುಂದಿಯ ಸಾಮಾನುಗಳಿಗೆ ಬಾಯಿ ಬಂದು ಮೂರು ವರ್ಷವಾಗಿತ್ತು. ಬಾಯಿ ಎಂದರೆ ಎಂಥ ಬಾಯಿ! ಸಂತೆಯಲ್ಲಿ ಬದನೆಕಾಯಿ ಮಾರುವ ಹತ್ತು ಸಾವಿರ ಹೆಂಗಸರು ಒಮ್ಮೆಗೇ ಕೂಗಿದರೂ ಅದರ ಮುಂದೆ ಪಿಸುಮಾತು. ಊರಿನಲ್ಲಿ ಜನ ಎಂಟು ಲಕ್ಷ, ಸಾಮಾನು ಒಂಬತ್ತು ಕೋಟಿ. ಚಮಚ, ಕುಕ್ಕರು, ಕುರ್ಚಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ಒಂದೊಂದರ ಮೈಮೇಲೂ ಎಳ್ಳುಕಾಳಿನಷ್ಟು ಚುಕ್ಕಿ. ಹೊಸ ಸಾಮಾನಿಗೆ ಕಾರ್ಖಾನೆಯಲ್ಲೇ ಕೂರಿಸಿದ್ದು, ಹಳೆಯದಕ್ಕೆ ಮನೆಯ ಹೆಂಗಸರೇ ಹಾಳೆಯಿಂದ ಟಿಕಳಿ ಕಿತ್ತು ಹಣೆಗೆ ಹಚ್ಚಿದಂತೆ ಹಚ್ಚಿದ್ದು.

ಈ ಚುಕ್ಕಿಗೆ ಬ್ಯಾಟರಿ ಬೇಕಿಲ್ಲ. ಗ್ಯಾಸ್ ಲೈಟರನ್ನು ಟಕ್ಕೆಂದು ಒತ್ತಿದರೆ ಕಿಡಿ ಹಾರುತ್ತದಲ್ಲ, ಅದೇ ಕುಲದ ಹರಳು ಅದರೊಳಗಿತ್ತು. ಸಾಮಾನು ಅಲುಗಿದರೆ ಹರಳಿಗೆ ಒತ್ತಡ, ಒತ್ತಡಕ್ಕೆ ಚಿಟಿಕೆಯಷ್ಟು ಕರೆಂಟು, ಆ ಕರೆಂಟಿನಲ್ಲಿ ಚುಕ್ಕಿ ತನ್ನ ನಂಬರು ಹೇಳಿ ‘ಅಲುಗಿದೆ’ ಎಂದು ಬೀದಿಯ ಕಂಬಕ್ಕೆ ಕೂಗುತ್ತಿತ್ತು. ಯಾವ ಮನೆಯಿಂದ ಕೂಗಿತು ಎಂಬುದನ್ನು ಕಂಬ ಗುರುತು ಹಾಕಿಕೊಳ್ಳುತ್ತಿತ್ತು. ಯಾರು ಅಲುಗಿಸಿದರು, ಯಾಕೆ ಅಲುಗಿಸಿದರು ಎಂದು ಹೇಳುವಷ್ಟು ಬುದ್ಧಿ ಮಾತ್ರ ಎಳ್ಳುಕಾಳಿಗೆ ಎಲ್ಲಿಂದ ಬರಬೇಕು?

ಇದನ್ನು ಕಂಡುಹಿಡಿದವಳು ಡಾ. ದಾಕ್ಷಾಯಣಿ ಬಡಿಗೇರ. ಕೂತಲ್ಲಿ ಕೂರದ ಹೆಂಗಸು. ಅವಳ ಕುರ್ಚಿಗೂ ಒಂದು ಚುಕ್ಕಿ ಹಚ್ಚಿದ್ದರಿಂದ, ಊರಿನಲ್ಲೆಲ್ಲ ಅತಿ ಹೆಚ್ಚು ಅಲುಗುವ ಸಾಮಾನು ಆ ಕುರ್ಚಿಯೇ ಎಂದು ಸಾಬೀತಾಗಿತ್ತು, ರೈಲುಗಾಡಿ ಎರಡನೆಯದು.

ಈಗ ಅವಳಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಕಂಟ್ರೋಲ್ ರೂಮಿನ ಈ ಗೋಡೆಯಿಂದ ಆ ಗೋಡೆಗೆ ಅವಳು ಅಡ್ಡಾಡಿದ ದಾರಿಯನ್ನು ಉದ್ದಕ್ಕೆ ಹಾಸಿದ್ದರೆ ಕಾಶಿ ಮುಟ್ಟಿ ವಾಪಸು ಬರಬಹುದಿತ್ತು.

“ಡಾಕ್ಟ್ರ, ಒಂದ ಕಡೆ ಕುಂಡ್ರರೀ. ನಿಮ್ಮನ್ನ ನೋಡಿ ನನ್ನ ತಲಿ ತಿರಗಾಕತ್ತೈತಿ,” ಎಂದ ಹಜರೇಸಾಬ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆಪರೇಟರು. ಒಂಬತ್ತು ಕೋಟಿ ಕೂಗುಗಳ ನಡುವೆ ಒಂದು ಚಮಚದ ದನಿಯನ್ನು ಗುರುತಿಸಬಲ್ಲವನೆಂದು ಅವನ ಖ್ಯಾತಿ. ಆ ಖ್ಯಾತಿಯನ್ನು ಹಬ್ಬಿಸಿದವನೂ ಅವನೇ.

“ನೂರಕ್ಕ ತೊಂಬತ್ತಮೂರು, ಹಜರೇಸಾಬರ. ಜಾಸ್ತಿ ಅನಸಂಗಿಲ್ಲೇನು ನಿಮಗ?”

“ಕಡಿಮಿ ಬಂದ್ರೂ ಅಳ್ತೀರಿ, ಜಾಸ್ತಿ ಬಂದ್ರೂ ಅಳ್ತೀರಿ.”

ತೊಂಬತ್ತಮೂರು. ಬಿಳಗುಂದಿಯ ನೂರು ಸಾಮಾನಿನಲ್ಲಿ ತೊಂಬತ್ತಮೂರು ಬಳಕೆಯಲ್ಲಿವೆ ಎಂಬುದು ಅವಳ ವರದಿಯ ಸಾರ. ವರ್ತುಲ ಆರ್ಥಿಕತೆ ಎಂದು ಜಗತ್ತೆಲ್ಲ ಹಾಡುತ್ತಿದ್ದ ಕಾಲ ಅದು. ಅಂಗಡಿಯಿಂದ ಮನೆಗೆ, ಮನೆಯಿಂದ ಕಸದ ಗುಡ್ಡಕ್ಕೆ ಎಂಬ ನೆಟ್ಟನೆಯ ದಾರಿಯನ್ನು ಬಗ್ಗಿಸಿ, ವಸ್ತು ಕೈಯಿಂದ ಕೈಗೆ ಸುತ್ತುತ್ತಲೇ ಇರಬೇಕು ಎಂಬ ವಿಚಾರ. ಬಿಳಗುಂದಿಯ ಕಸದ ಗುಡ್ಡವಂತೂ ಅಷ್ಟು ಎತ್ತರವಾಗಿತ್ತೆಂದರೆ ಮೋಡಗಳು ಅದಕ್ಕೆ ಎಡವಿ ಅಲ್ಲೇ ಮಳೆ ಸುರಿಸಿಬಿಡುತ್ತಿದ್ದವು. ವಸ್ತುವನ್ನು ಸುತ್ತಿಸುವುದು ಹೇಗೆ? ರಿಪೇರಿ ಮಾಡಿ ಇನ್ನೊಬ್ಬರಿಗೆ ದಾಟಿಸುವುದೋ, ಕರಗಿಸಿ ಹೊಸದು ಎರಕ ಹೊಯ್ಯುವುದೋ? ಪುರಾವೆ ತನ್ನಿ ಎಂದಿತು ನಗರಸಭೆ. ದಾಕ್ಷಾಯಣಿ ತಂದಳು. ಎಲ್ಲವೂ ಬಳಕೆಯಲ್ಲಿದ್ದರೆ ದಾಟಿಸಲು ಉಳಿದದ್ದೇನು? ಎಸೆದದ್ದೆಲ್ಲ ಸತ್ತದ್ದೇ; ಸತ್ತದ್ದನ್ನು ಕರಗಿಸುವುದೇ ಸರಿ ಎಂದು ಮೇಯರು ಚನ್ನವೀರಪ್ಪ ಹೊಸಂಗಡಿ ದೊಡ್ಡದೊಂದು ಭಟ್ಟಿಯ ನಕ್ಷೆ ಬರೆಸಿದರು. ಭಟ್ಟಿಗೆ ಜಾಗ ಗೊತ್ತಾದದ್ದು ದುರಸ್ತಿ ಓಣಿಯಲ್ಲಿ. ಆರುನೂರು ರಿಪೇರಿ ಅಂಗಡಿ ಎತ್ತಂಗಡಿ. ದಶಮಿಯ ಮರುದಿನ ಸಭೆಯಲ್ಲಿ ಕೈ ಎತ್ತುವುದೊಂದೇ ಬಾಕಿ.

“ಮಾಬೂಬಿ ಇವತ್ತ ಅಂಗಡಿ ಸಾಮಾನು ಗಂಟು ಕಟ್ಟಾಕತ್ತಾಳ್ರಿ,” ಎಂದ ಹಜರೇಸಾಬ, ಪರದೆಯಿಂದ ಕಣ್ಣು ಕೀಳದೆ. ಮಾಬೂಬಿ ಅವನ ಹೆಂಡತಿ. ದುರಸ್ತಿ ಓಣಿಯಲ್ಲಿ ಮೂವತ್ತು ವರ್ಷ ಮಿಕ್ಸಿ, ಕುಕ್ಕರು, ಸ್ಟೋವುಗಳ ಜೀವ ಉಳಿಸಿದವಳು. “ನಿಮ್ಮ ಮ್ಯಾಲ ಸಿಟ್ಟಿಲ್ಲಂತ. ‘ಡಾಕ್ಟ್ರು ಎಣಿಸ್ಯಾರ, ತಪ್ಪಿರಂಗಿಲ್ಲ’ ಅಂದ್ಲು.”

ಬೈದಿದ್ದರೆ ದಾಕ್ಷಾಯಣಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಆ ನಂಬಿಕೆ ಚಪ್ಪಲಿಯೊಳಗಿನ ಜಾಲಿಮುಳ್ಳಾಯಿತು. ಮೂರು ವರ್ಷದ ಮೂರು ಎಣಿಕೆಯನ್ನೂ ಅವಳು ಮೂರು ಸಾವಿರ ಸಲ ತಾಳೆ ನೋಡಿದ್ದಳು. ಒಂಬತ್ತು ಕೋಟಿಯ ಕೂಗು ಒಟ್ಟಿಗೆ ಕೇಳಬೇಕೆಂದರೆ ಕಂಬಗಳಿಗೆ ಬೇರೆ ಕೆಲಸ ಇರಬಾರದು. ಉಳಿದ ದಿನ ಅವು ಬಸ್ಸು, ನೀರು, ಮೀಟರುಗಳ ಗೋಳು ಕೇಳಿಕೊಂಡಿರುತ್ತಿದ್ದವು. ಒಂದೆರಡು ನಂಬರು ಹುಡುಕಿಕೊಡುವಷ್ಟು ಮಾತ್ರ ಪುರುಸೊತ್ತು. ದಸರಾ ರಜೆಯಲ್ಲಿ ಆಫೀಸು ಮುಚ್ಚಿದಾಗ ಒಂದು ವಾರ ಇಡೀ ಊರಿನ ಕಿವಿ ಪುಕ್ಕಟೆ ಸಿಗುತ್ತಿತ್ತು. ಹಾಗಾಗಿ ಮೂರೂ ವರ್ಷ, ಊರು ಹಬ್ಬ ಮಾಡುವಾಗ ಅವಳೂ ಹಜರೇಸಾಬನೂ ಇಲ್ಲಿ ಕೂತು ಗಿರ್ಮಿಟ್ ತಿಂದು ಎಣಿಸಿದ್ದರು. ಎಣಿಕೆಯಲ್ಲಿ ಒಂದು ಚಮಚವೂ ತಪ್ಪಿರಲಿಲ್ಲ.

ಫೋನು ಬಡಿದುಕೊಂಡಿತು. ಅತ್ತೆ ಪಾರ್ವತೆವ್ವ. ಆಕೆಯ ದನಿಗೆ ಫೋನು ಬೇಕಿರಲಿಲ್ಲ. ಮನೆಯ ಕಿಟಕಿ ತೆರೆದರೆ ಸಾಕಿತ್ತು.

“ಮೂರು ವರ್ಷ ಆತು ನೀ ಖಂಡೇಪೂಜಿಗೆ ಮನ್ಯಾಗಿಲ್ಲ. ನಿನ್ನ ಗಂಡ ನೋಡಿದ್ರ ರೈಲು ಹೊಡಕೊಂಡು ಹೊಂಟ. ನಾಳೆ ಅಟ್ಟ ಹತ್ತಾಕ ನಾನೇನು ಮಂಗ್ಯಾನೇನು? ಬರ್ತಿಯೋ, ನಾನ ಏಣಿ ಹಾಕ್ಲೋ?”

“ಬರ್ತೇನ್ರಿ ಅತ್ತೀ.”

*

ಪಾರ್ವತೆವ್ವನ ಅಟ್ಟದ ಬಗ್ಗೆ ಹೇಳಿದರೆ ಜನ ನಂಬುವುದಿಲ್ಲ. ನೆಲದ ಮೇಲೆ ಮನೆ ಮೂರೇ ಕೋಣೆ. ಅಟ್ಟದ ಮೇಲಿನ ಸಾಮಾನಿಗೆ ಮಾತ್ರ ಒಂದು ತಾಲೂಕು ಸಾಲದು. ಅಲ್ಲಿ ಕಳೆದುಹೋದ ಬೆಕ್ಕೊಂದು ಮೂರು ತಲೆಮಾರು ಕಳೆದ ಮೇಲೆ ಮೊಮ್ಮಕ್ಕಳೊಂದಿಗೆ ಇಳಿದುಬಂದಿತ್ತು. ಆ ಅಟ್ಟವನ್ನು ಆಳುತ್ತಿದ್ದದ್ದು ಒಂದೇ ಮಂತ್ರ: ‘ಇರಲಿ ಬಿಡು, ಬೇಕಾಗ್ತದ.’

ಮರುದಿನ ನವಮಿ, ಆಯುಧಪೂಜೆ. ಬೆಳಗ್ಗೆ ದಾಕ್ಷಾಯಣಿ ಸೆರಗು ಸಿಗಿಸಿ ಏಣಿ ಹತ್ತಿದಳು. ಕೈಚೀಲದಲ್ಲಿ ‘ಕಿವಿ’ ಇತ್ತು. ಅಂಗೈಯಗಲದ ಯಂತ್ರ, ಹತ್ತಿರದ ಚುಕ್ಕಿಗಳ ಕೂಗನ್ನು ಕೇಳಿ ‘ಕೀಂ’ ಎನ್ನುವಂಥದ್ದು. ಅದನ್ನು ಬಿಟ್ಟು ಅವಳು ಬಚ್ಚಲಿಗೂ ಹೋಗುವವಳಲ್ಲ.

ಮೊದಲು ಗ್ರೈಂಡರು ಇಳಿಯಿತು. ಕೀಂ. ಆಮೇಲೆ ತಾಮ್ರದ ಹಂಡೆ. ಕೀಂ. ರೇಡಿಯೋ, ಹೊಲಿಗೆ ಯಂತ್ರ, ಮಾವನ ಸೈಕಲ್ಲಿನ ಅರ್ಧಭಾಗ, ಶಾವಿಗೆ ಮಶೀನು. ಕೀಂ, ಕೀಂ, ಕೀಂ. ಪಾರ್ವತೆವ್ವ ಒಂದೊಂದನ್ನೂ ಒರೆಸಿ, ವಿಭೂತಿ ಎಳೆದು, ಕುಂಕುಮವಿಟ್ಟು, ಚೆಂಡುಹೂ ಏರಿಸುತ್ತಿದ್ದಳು.

ದಾಕ್ಷಾಯಣಿಯ ಕಾಲು ಏಣಿಯ ಮೂರನೆಯ ಮೆಟ್ಟಿಲಲ್ಲೇ ನಿಂತಿತು.

“ಅತ್ತೀ, ಈ ಗ್ರೈಂಡರ ಕಡೀಕ ಯಾವಾಗ ಹಚ್ಚಿದ್ರಿ?”

“ನಿನ್ನ ಲಗ್ನದಾಗ. ಆಮ್ಯಾಲ ವೈರು ಕಡೀತು.”

“ಈ ಶಾವಿಗಿ ಮಶೀನು?”

“ಹಿಡಿಕಿ ಮುರದು ಹನ್ನೊಂದು ವರ್ಷ ಆತು.”

“ಮತ್ತ ಯಾಕ ಇಳಸ್ತೀರಿ ಇವನ್ನ?”

“ಯಾಕ ಇಳಸ್ತೀರಿ ಅಂತ ಕೇಳ್ತಾಳ ನೋಡು, ಡಾಕ್ಟರಂತ ಡಾಕ್ಟರು! ದುಡದ ಸಾಮಾನಲ್ಲೇನು? ವರ್ಷಕ್ಕೊಮ್ಮಿ ಅದಕ್ಕೂ ಒಂದು ಹೂವು ಬ್ಯಾಡೇನು? ಬಡಿಗೇರ ಮಗಳಾಗಿ ಇದನ್ನೂ ಮರತಿಯೇನು?”

ಮರೆತಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಉಳಿ, ಗರಗಸ, ಕೀಸುಳಿಗಳಿಗೆ ಕುಂಕುಮವಿಡುತ್ತಿದ್ದವಳೇ ಅವಳು. ಪೂಜೆಯೂ ಗೊತ್ತಿತ್ತು, ಎಣಿಕೆಯೂ ಗೊತ್ತಿತ್ತು. ಎರಡೂ ಒಂದೇ ವಾರ ಎಂಬುದು ಮಾತ್ರ ಮೂರು ವರ್ಷದಲ್ಲಿ ಒಮ್ಮೆಯೂ ತಲೆಗೆ ಹೊಳೆದಿರಲಿಲ್ಲ. ಹಬ್ಬವನ್ನು ಅವಳು ಖಾಲಿ ಕಂಬ ಸಿಗುವ ರಜೆ ಎಂದಷ್ಟೇ ಲೆಕ್ಕ ಹಿಡಿದಿದ್ದಳು.

ಅಷ್ಟರಲ್ಲಿ ಕಿವಿ ಹುಚ್ಚು ಹಿಡಿದಂತೆ ಅರಚತೊಡಗಿತು. ಆಚೆಮನೆ, ಈಚೆಮನೆ, ಹಿಂದಿನ ಸಾಲು, ಮುಂದಿನ ಸಾಲು. ಬಿಳಗುಂದಿಯ ಸಮಸ್ತ ಅಟ್ಟಗಳೂ ಕೆಳಗಿಳಿಯುತ್ತಿದ್ದವು. ಊರು ಆ ಹೊತ್ತಿಗೆ ಒಂದು ಗೇಣು ತಗ್ಗಿತೆಂದು ಹೇಳಿದರೂ ತಪ್ಪಲ್ಲ.

ದಾಕ್ಷಾಯಣಿ ಏಣಿಯಿಂದ ಧುಮುಕಿದಳು.

“ಏ, ಎಲ್ಲಿಗಿ? ಮ್ಯಾಲ ಇಡಾವ್ರು ಯಾರು?” ಎಂದು ಪಾರ್ವತೆವ್ವ ಕೂಗುವಷ್ಟರಲ್ಲಿ ಅವಳ ಸ್ಕೂಟರು ಓಣಿ ದಾಟಿತ್ತು.

*

ಕಂಟ್ರೋಲ್ ರೂಮಿನ ಕಂಪ್ಯೂಟರುಗಳಿಗೂ ವಾಚಮನ್ ವಿಭೂತಿ ಬಳಿದು ಹಾರ ಹಾಕಿ ಹೋಗಿದ್ದ. ಹಾರವನ್ನು ಪಕ್ಕಕ್ಕೆ ಸರಿಸಿ ದಾಕ್ಷಾಯಣಿ ಕೀಲಿಮಣೆಗೆ ಕೈ ಹಾಕಿದಳು.

“ನಾವು ಒಂದ ಪ್ರಶ್ನೆ ಕೇಳಿದ್ವಿ, ಹಜರೇಸಾಬರ. ಅಲುಗೈತೋ ಇಲ್ಲೋ? ಎಷ್ಟ ಸಲ ಅಲುಗೈತಿ ಅಂತ ಕೇಳಲೇ ಇಲ್ಲ. ಹಳೇ ಎಣಿಕಿ ತಗೀರಿ. ಕೂಗನ್ನ ಸಾಮಾನಿನ ಪ್ರಕಾರ ಬಿಡಸ್ರಿ.”

ಯಂತ್ರಗಳು ನಾಲ್ಕು ತಾಸು ಗುರುಗುಟ್ಟಿದವು. ಬಿಸಿ ಎಷ್ಟಾಯಿತೆಂದರೆ ಚೆಂಡುಹೂವೆಲ್ಲ ಬಾಡಿ ಹಜರೇಸಾಬನ ಚಹಾ ತಾನಾಗಿಯೇ ಕುದಿಯಿತು. ದಾಕ್ಷಾಯಣಿ ಅಷ್ಟೂ ಹೊತ್ತು ಮತ್ತೊಮ್ಮೆ ಕಾಶಿಗೆ ಹೋಗಿ ಬಂದಳು.

ಉತ್ತರ ಬಂತು. ನೂರು ಸಾಮಾನಿನಲ್ಲಿ ಏಳು ಅಲುಗಿರಲೇ ಇಲ್ಲ. ಮೂವತ್ತೆರಡು ವಾರವಿಡೀ ಹತ್ತಾರು, ನೂರಾರು ಸಲ ಅಲುಗಿದ್ದವು. ಅವು ನಿಜವಾಗಿ ದುಡಿಯುವಂಥವು. ಉಳಿದ ಅರವತ್ತೊಂದು ಅಲುಗಿದ್ದು ಎರಡೇ ಸಲ. ನವಮಿಯ ಬೆಳಗ್ಗೆ ಒಮ್ಮೆ, ಮರುದಿನ ಒಮ್ಮೆ. ಮೂರೂ ವರ್ಷ ಅದೇ ಕಥೆ.

“ಇಳೀತು. ಏರಿತು,” ಎಂದಳು ದಾಕ್ಷಾಯಣಿ.

ಹಜರೇಸಾಬ ಬಾಯಲ್ಲಿದ್ದ ಅಡಿಕೆಯನ್ನು ಜಗಿಯುವುದನ್ನೇ ಮರೆತ. “ಅಂದ್ರ ನಾವು ಮೂರು ವರ್ಷ ಎಣಸಿದ್ದು...”

“ಪೂಜಿ. ಊರಿನ ಸಾಮಾನು ಮೂರು ಪಾಲಿನಾಗ ಎರಡು ಪಾಲು ಅಟ್ಟದ ಮ್ಯಾಲ ಮಲಗೈತಿ. ಒಂದು ಹಿಡಿಕಿ, ಒಂದು ವೈರು, ಒಂದು ಸ್ಕ್ರೂ ಇಲ್ಲದ್ದಕ್ಕ. ಭಟ್ಟಿ ಅಲ್ಲ ಬೇಕಾಗಿದ್ದು. ಮಾಬೂಬಿ ಬೇಕಾಗಿತ್ತು. ನಾವು ಆಕೀನ್ನ ಓಣಿಯಿಂದ ಎಬ್ಬಸಾಕತ್ತೇವಿ.”

“ಗಂಟು ಬಿಚ್ಚು ಅಂತ ಫೋನ್ ಹಚ್ಲೇನ್ರಿ?”

“ತಡೀರಿ. ಮೊದಲ ನನ್ನ ಮಾನ ಹೋಗ್ಲಿ.”

ಮೇಯರಿಗೆ ಫೋನು ಹಚ್ಚಿ, ವರದಿ ತಪ್ಪು ಎಂದು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ಬಂದ ನಗುವಿಗೆ ಪರದೆಯ ಮೇಲಿನ ಚುಕ್ಕಿಗಳೂ ಅಲುಗಿದವು.

“ಅಟ್ಟದ ಮ್ಯಾಲ ಐತಿ ಅಂತೀರಿ. ಇರಲಿ. ಅಲ್ಲಿಂದ ಇಳಿಸಿ ಮಂದಿಗೆ ಯಾರು ಕೊಡ್ತಾರ್ರಿ ಡಾಕ್ಟ್ರ? ನಿಮ್ಮ ಅತ್ತಿ ಕೊಡ್ತಾರೇನು?” ಚನ್ನವೀರಪ್ಪ ಕೇಳಿದರು. “ಕರಗಸೂದಕ್ಕ ಯಾರ ಮನಸ್ಸೂ ಕೇಳಬೇಕಾಗಿಲ್ಲ. ನಿಮ್ಮ ಹಾದಿಗೆ ಎಂಟು ಲಕ್ಷ ಮನಸ್ಸು ಬೇಕು. ಒಬ್ಬಾಕಿ ಕೊಟ್ಟದ್ದು ತೋರಸ್ರಿ, ಆಮ್ಯಾಲ ಮಾತಾಡೋಣು.”

ಪಾರ್ವತೆವ್ವನಿಂದ ಒಂದು ಸೂಜಿ ಪಡೆಯುವುದಕ್ಕಿಂತ ಶನಿಗ್ರಹದ ಉಂಗುರ ಬಿಚ್ಚಿ ತರುವುದು ಸುಲಭವಿತ್ತು.

“ಕಂಬದ ಕಿವಿ ಮುಚ್ಚಬ್ಯಾಡ್ರಿ,” ಎಂದಳು ಹಜರೇಸಾಬನಿಗೆ. “ಆಫೀಸು ತೆರೆಯೂತನಾ ತೆರದ ಇಡ್ರಿ.”

*

“ಕೊಡಂಗಿಲ್ಲ,” ಎಂದಳು ಪಾರ್ವತೆವ್ವ, ದಶಮಿಯ ಬೆಳಗ್ಗೆ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ.

“ನೀವು ಉಪಯೋಗ ಮಾಡಂಗಿಲ್ಲಲ್ರಿ ಅತ್ತೀ.”

“ಮಾಡಲಿಕ್ಕಿಲ್ಲ. ಐತಿ ಅನ್ನೂದು ಗೊತ್ತಿದ್ರ ನಿದ್ದಿ ಬರ್ತದ. ನಿನಗ ಎಲ್ಲಾ ಎಣಿಸಿದ್ರ ನಿದ್ದಿ ಬರ್ತದ, ನನಗ ಇಟ್ಟಗೊಂಡ್ರ. ಏನೀಗ?”

ಕಡೆಗೆ ದಾಕ್ಷಾಯಣಿ, “ಶಾವಿಗಿ ಮಶೀನಿನ ಹಿಡಿಕಿ ಹಾಕಿಸಿಕೊಂಡರ ಬರ್ತೇನಿ,” ಎಂದಳು. ಪಾರ್ವತೆವ್ವ ಯೋಚಿಸಿದಳು. ಹೂವನ್ನು ತೆಗೆದು ಜೋಪಾನವಾಗಿಟ್ಟಳು. “ತಂದು ಕೊಡಬೇಕು ಮತ್ತ,” ಎಂದು ಹದಿನೇಳು ಸಲ ಹೇಳಿ, ಉಳಿದ ಸಾಮಾನನ್ನೆಲ್ಲ ಅವಳ ಕೈಲೇ ಅಟ್ಟಕ್ಕೇರಿಸಿ ಕಳಿಸಿದಳು.

ದುರಸ್ತಿ ಓಣಿಯಲ್ಲಿ ಮಾಬೂಬಿಯ ಅಂಗಡಿ ಅರ್ಧ ಗಂಟು, ಅರ್ಧ ಗೋಡೆ. ಕಟ್ಟಿದ ಗಂಟೊಂದನ್ನು ಬಿಚ್ಚಿ ಅವಳು ಸ್ಪ್ಯಾನರು ಹೊರತೆಗೆದಳು. ಆ ಕೈಗೆ ಎಷ್ಟು ಹೆಸರೆಂದರೆ, ಮಾಬೂಬಿ ಬಾಗಿಲಲ್ಲಿ ಕೆಮ್ಮಿದರೆ ಕೆಟ್ಟ ಸ್ಟೋವು ತಾನೇ ಹತ್ತಿಕೊಳ್ಳುತ್ತಿತ್ತು.

“ಇದರ ಹಿಡಿಕಿ ಈಗ ಸಿಗೂದಿಲ್ಲ,” ಎಂದಳು, ಮಶೀನನ್ನು ಅತ್ತಿತ್ತ ಹೊರಳಿಸಿ. “ಸೈಕಲ್ ಪೆಡಲ್ ಕೂಡಸ್ತೇನಿ. ತಿರುವಾಕ ಅದಕ್ಕಿಂತ ಹಗುರ ಆಗ್ತದ. ಸಂಜೀಕ ನಾನ ತಂದ ಕೊಡ್ತೇನ್ರಿ, ಹೆಂಗೂ ಹಬ್ಬ.”

ಸಂಜೆ ಓಣಿ ತುಂಬ ಬನ್ನಿಯ ಗಡಿಬಿಡಿ. ಬನ್ನಿ ಎಲೆ ಕೈಗಿಟ್ಟು ‘ಬಂಗಾರದಂಗ ಇರೂಣು’ ಎಂದವರ ಜೊತೆ ವರ್ಷದ ಜಗಳವೂ ಮುಗಿದಂತೆ ಎಂಬುದು ಈ ಸೀಮೆಯ ಪದ್ಧತಿ. ಮಾಬೂಬಿ ಮಶೀನನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದಳು. ಪಾರ್ವತೆವ್ವ ಬನ್ನಿ ಕೊಡುವುದನ್ನೂ ಮರೆತು ಪೆಡಲಿಗೆ ಕೈ ಹಾಕಿದಳು. ಒಂದು ಸುತ್ತು ತಿರುಗಿಸಿದಳು. ಹನ್ನೊಂದು ವರ್ಷದ ಮೌನ ಮುರಿದು ಮಶೀನು ಗರಗರನೆ ಹಾಡಿತು.

“ಅಯ್ಯ, ಬೆಣ್ಣಿ ಹಂಗ ತಿರಗ್ತದಲ್ಲವಾ!”

“ಛಲೋ ಮಶೀನೈತ್ರಿ ಯಕ್ಕಾ. ಈಗಿನವು ಇಂಥಾವು ಬರಂಗಿಲ್ಲ.” ಮಾಬೂಬಿ ಅದರ ಬೆನ್ನು ತಟ್ಟಿದಳು. “ನಮ್ಮ ಓಣ್ಯಾಗ ಒಂದೂ ಇಲ್ಲ. ರಮಜಾನಕ್ಕ ಸುರಕುಂಬಾ ಪಾಯಸ ಮಾಡಾಕ ಪಾಕೀಟು ಶಾವಿಗಿನ. ನಮ್ಮವ್ವ ಇದ್ದಾಗ ಮನ್ಯಾಗ ಮಾಡ್ತಿದ್ವಿ. ಬರ್ತೇನ್ರಿ. ಗಂಟು ಇನ್ನೂ ಕಟ್ಟೂದೈತಿ.”

ಆಕೆ ಕೇಳಲಿಲ್ಲ. ಕೇಳಿದ್ದರೆ ಪಾರ್ವತೆವ್ವ ‘ಇರಲಿ ಬಿಡು’ ಎಂಬ ಮಂತ್ರ ಹಾಕಿ ಗೆದ್ದುಬಿಡುತ್ತಿದ್ದಳು. ದಾಕ್ಷಾಯಣಿ ಬಾಗಿಲಲ್ಲಿ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅಲುಗದೆ.

“ನಿಲ್ಲು ತಂಗೀ,” ಎಂದಳು ಪಾರ್ವತೆವ್ವ. “ಹಬ್ಬದಾಗ ಬರಿಗೈಲೆ ಹೋಗಬಾರ್ದು.” ಬನ್ನಿಯ ಎಲೆ ತೆಗೆದುಕೊಂಡಳು. ಮಾಬೂಬಿಯ ಕೈ ನೋಡಿದಳು. ಮಶೀನು ನೋಡಿದಳು. ಎಲೆಯನ್ನು ಮಶೀನಿನ ಮೇಲಿಟ್ಟು ಎರಡನ್ನೂ ಒಟ್ಟಿಗೆ ಎತ್ತಿ ಕೊಟ್ಟಳು. “ರಮಜಾನಕ್ಕ ನಿನಗ, ಉಗಾದಿಗೆ ನನಗ. ನಡಬರಕ ಯಾರಿಗೆ ಬೇಕೋ ಅವರಿಗೆ. ಬಂಗಾರದಂಗ ಇರೂಣು.”

ಕೊಟ್ಟ ಕೈ ಇನ್ನೂ ಗಾಳಿಯಲ್ಲಿರುವಾಗಲೇ ಆಕೆಯ ಮುಖ ನೋಡಬೇಕಿತ್ತು. ತನ್ನ ಕೈಯನ್ನು ಯಾರೋ ಬಾಡಿಗೆಗೆ ತಂದು ಜೋಡಿಸಿದ್ದಾರೇನೋ ಎಂಬಂತೆ ದಿಟ್ಟಿಸುತ್ತಿದ್ದಳು.

*

ಮರುದಿನ ಬೆಳಗ್ಗೆ ಹತ್ತಕ್ಕೆ ಸಭೆ. ದಾಕ್ಷಾಯಣಿ ಎದ್ದು, ನನ್ನ ಎಣಿಕೆ ಸರಿ, ಅರ್ಥ ತಪ್ಪು ಎಂದಳು. ಅರವತ್ತೊಂದರ ಕಥೆ ಹೇಳಿದಳು. ಸದಸ್ಯರು ಮೇಜು ಬಡಿದು ನಕ್ಕರು. ಒಬ್ಬರು ಚುಕ್ಕಿಗೂ ಒಂದು ಕಾಯಿ ಒಡೆಸಿ ಎಂದರು.

“ಅತ್ತಿ ಏನಂದ್ರು?” ಎಂದು ಚನ್ನವೀರಪ್ಪ ಮೀಸೆಯಲ್ಲೇ ನಗುತ್ತಾ ಕೇಳಿದರು.

ಅವಳು ಗೋಡೆಯ ಮೇಲೆ ನಕ್ಷೆ ತೆರೆದಳು. ಒಂದು ಕೆಂಪು ಚುಕ್ಕಿ ಅವಳ ಮನೆ ಬಿಟ್ಟು ದುರಸ್ತಿ ಓಣಿಗೆ ಹೋಗಿತ್ತು. ಅಲ್ಲಿ ಕೈ ಬದಲಿಸುತ್ತ ಆಗಲೇ ಮೂರನೆಯ ಮನೆಯಲ್ಲಿತ್ತು. ನಿನ್ನೆ ಸಂಜೆಯಿಂದ ಎರಡು ಸಾವಿರ ಸಲ ಅಲುಗಿತ್ತು.

“ಒಂದು ಶಾವಿಗಿ ಮಶೀನು!” ಮೇಯರು ಸಭೆಯ ಕಡೆ ತಿರುಗಿದರು. “ಇದಕ್ಕ ಪುರಾವೆ ಅಂತಾರೇನ್ರಿ?”

“ಇಲ್ಲ ಸರ್. ಒಂದು ಪುರಾವೆ ಅಲ್ಲ. ಹಜರೇಸಾಬರ, ನಿನ್ನಿ ಇಳಿದು ಬ್ಯಾರೆ ಮನೀಗೆ ಹೋಗಿ, ವಾಪಸ್ ಬರದಿದ್ದವನ್ನ ತೋರಸ್ರಿ.”

ಕಂಟ್ರೋಲ್ ರೂಮಿನಿಂದ ಹಜರೇಸಾಬ ಗುಂಡಿ ಒತ್ತಿದ. ಒಂದರ ಪಕ್ಕದಲ್ಲಿ ಇನ್ನೊಂದು, ಆಮೇಲೆ ಮತ್ತೊಂದು, ಒಟ್ಟು ನಲವತ್ತೊಂದು ಚುಕ್ಕಿ ಹೊತ್ತಿಕೊಂಡವು. ಪಾರ್ವತೆವ್ವ ಬನ್ನಿಯ ಜೊತೆ ಮಶೀನೇ ಕೊಟ್ಟಳಂತೆ ಎಂಬ ಸುದ್ದಿ, ಬೆಳಕಿಗಿಂತ ಒಂದು ಹೆಜ್ಜೆ ಮುಂದಾಗಿ, ಇಪ್ಪತ್ತು ಓಣಿ ದಾಟಿತ್ತು. ಆಕೆಗಿಂತ ಸಣ್ಣವರೆನಿಸಿಕೊಳ್ಳಲು ಯಾರು ಸಿದ್ಧ? ಹೊಲಿಗೆ ಯಂತ್ರ, ತೊಟ್ಟಿಲು, ಕುಂಟುಗಾಲಿನ ಟೇಬಲ್ಲು ದಾಟಿದ್ದವು.

“ಇಳಿದಾವ. ಏರಿಲ್ಲ,” ಎಂದಳು ದಾಕ್ಷಾಯಣಿ.

“ಆ ದೊಡ್ಡ ಚುಕ್ಕಿ ಯಾವುದ್ರಿ? ಗರಡಿಮನ್ಯಾಗಿಂದು?” ಎಂದು ಹಿಂದಿನಿಂದ ಒಬ್ಬ ಸದಸ್ಯೆ ಕೇಳಿದಳು.

ಮೈಕಿನಲ್ಲಿ ಹಜರೇಸಾಬನ ದನಿ ಬಂತು. “ಟ್ರೆಡ್‌ಮಿಲ್ಲು. ಬಂದದ್ದು ಮೇಯರ ಸಾಹೇಬರ ಮನಿಯಿಂದ್ರಿ. ಅವರ ಹೆಂಡತಿಯವರು ಕೊಟ್ಟಾರ. ಖರೀದಿ ಆದಾಗಿಂದ ಮೊದಲ ಸಲ ಓಡಾಕತ್ತೈತಿ.”

ಸಭೆಯ ಛಾವಣಿ ಹಾರಿಹೋಗದೆ ಉಳಿದದ್ದು ಮೇಸ್ತ್ರಿಯ ಪುಣ್ಯ. ಚನ್ನವೀರಪ್ಪನವರು ತಮ್ಮ ಅಂಗಿ ಒಣಗಿಸುವ ಜಾಗ ಹೋಯಿತೆಂದು ಆ ಕ್ಷಣಕ್ಕೇ ತಿಳಿದುಕೊಂಡವರ ಹಾಗೆ ಕೂತರು.

“ಇದೂ ಪುರಾವೆ ಅಲ್ರಿ,” ಎಂದಳು ದಾಕ್ಷಾಯಣಿ, ನಗು ನಿಲ್ಲುವುದನ್ನು ಕಾಯದೆ. “ನಲವತ್ತೊಂದು ಎಲ್ಲಿ, ಒಂಬತ್ತು ಕೋಟಿ ಎಲ್ಲಿ. ಹಬ್ಬದ ಹುಮ್ಮಸ್ಸೂ ಇರಬಹುದು. ಒಂದ್ ವರ್ಷ ಕೊಡ್ರಿ. ದುರಸ್ತಿ ಓಣಿ ಇದ್ದಲ್ಲೇ ಇರಲಿ. ಹಬ್ಬ ಇಲ್ಲದ ಒಂದು ಸಾದಾ ಮಂಗಳವಾರ ಕಂಬಗಳ್ನ ನನಗ ಬಿಟ್ಟುಕೊಡ್ರಿ, ಎಣಿಸಿ ತರ್ತೇನಿ. ಆಗ ಭಟ್ಟಿನ ಬೇಕು ಅಂತ ಬಂದ್ರ ನಾನ ಅದಕ್ಕ ಪೂಜಿ ಮಾಡ್ತೇನಿ.”

ಕೈ ಎಣಿಸಿದರು. ಭಟ್ಟಿಯನ್ನು ಒಂದು ವರ್ಷ ಮುಂದೂಡುವ ಗೊತ್ತುವಳಿ ಒಂದೇ ಕೈಯ ಅಂತರದಿಂದ ಗೆದ್ದಿತು. ಹಬ್ಬವಿಲ್ಲದ ಮಂಗಳವಾರವನ್ನು ಪಂಚಾಂಗದಲ್ಲಿ ಹುಡುಕಲು ಮೂರು ಜನ ವಿಜ್ಞಾನಿಗಳಿಗೆ ಮುಂದೆ ನಾಲ್ಕು ತಿಂಗಳು ಹಿಡಿಯಿತು.

ಆ ಮಧ್ಯಾಹ್ನ ಮಾಬೂಬಿ ಗಂಟು ಬಿಚ್ಚಿದಳು. ದಾಕ್ಷಾಯಣಿ ಮನೆಗೆ ಬಂದಾಗ ಪಾರ್ವತೆವ್ವ ಪಡಸಾಲೆಯಲ್ಲಿ ನಿಂತು ಕತ್ತೆತ್ತಿ ಅಟ್ಟವನ್ನೇ ನೋಡುತ್ತಿದ್ದಳು. ಮಶೀನಿದ್ದ ಜಾಗ ಧೂಳಿನ ನಡುವೆ ಚೌಕವಾಗಿ ಬೆಳ್ಳಗಿತ್ತು.

“ಈಗ ಎಲ್ಲೈತಿ ಅದು?”

ದಾಕ್ಷಾಯಣಿ ಕಿವಿ ತೆಗೆದು, ನಂಬರು ಒತ್ತಿ ಬೀದಿಯ ಕಂಬವನ್ನು ಕೇಳಿದಳು. “ನಾಕನೇ ಮನ್ಯಾಗ. ತಿರಗಾಕತ್ತೈತ್ರಿ.”

ಪಾರ್ವತೆವ್ವ ಒಳಗೆ ಹೋದಳು, ಹೊರಗೆ ಬಂದಳು. ಲೋಟ ತೊಳೆದಳು, ಅದೇ ಲೋಟವನ್ನು ಮತ್ತೆ ತೊಳೆದಳು. “ಈಗ?”

“ಅಲ್ಲೇ ಐತ್ರಿ ಅತ್ತೀ. ಬೇಕಾದ್ರ ವಾಪಸ್...”

“ವಾಪಸ್ ಯಾಕ? ಕೊಟ್ಟದ್ದು ಕೊಟ್ಟದ್ದ.” ಸೊಸೆಯ ಚಡಪಡಿಕೆ ಈಗ ಅತ್ತೆಗೆ ಅಂಟಿತ್ತು. ಮತ್ತೊಮ್ಮೆ ಮೇಲ್ಗಡೆ ನೋಡಿದಳು. “ಆ ಜಾಗಾ ನೋಡಾಕ ಆಗವಲ್ದು. ಬಾಯಾಗ ಒಂದು ಹಲ್ಲು ಕಿತ್ತಂಗ ಕಾಣ್ತದ.”

ದಾಕ್ಷಾಯಣಿ ತಾನೂ ಕತ್ತೆತ್ತಿ ನೋಡಿದಳು.

“ನಿಂತೇನು ನೋಡ್ತಿ? ಏಣಿ ತಾ. ಗ್ರೈಂಡರ ಇಳಸು, ವೈರು ಅಷ್ಟ ಕಡದೈತಿ. ಮಾಬೂಬಿ ಕಡೆ ಒಯ್ಯಿ,” ಎಂದಳು ಪಾರ್ವತೆವ್ವ. “ಒಂದ ಹಲ್ಲು ಹೋದ ಬಾಯಿಗಿಂತ ಬೊಚ್ಚಬಾಯಿನ ಚಂದ.”